ಸುಡದ ಪಾದ

ನಮ್ಮೂರ ಗುಡ್ಡದ ಪಗೋಡಕ್ಕೆ ಯಾರೇ ಬರಲಿ, ಮೊದಲು ನನ್ನೆದುರು ಬಗ್ಗಲೇಬೇಕು. ಮೆಟ್ಟಿಲಿನ ಬುಡದಲ್ಲಿ ಚಪ್ಪಲಿ ಕಾಯುವವಳು ನಾನು, ನ್ವೇ. ನಮ್ಮಮ್ಮನೂ ಇದೇ ಬೇವಿನ ನೆರಳಿನಲ್ಲಿ ಇದೇ ಹಲಗೆಯ ಹಿಂದೆ ಕೂತಿದ್ದಳು. ಜಿಲ್ಲೆಯ ಸಾಹೇಬರಾಗಲಿ, ಐರಾವತಿ ನದಿಯ ಆಚೆ ದಡದ ಬೆಲ್ಲದ ಸಾಹುಕಾರರಾಗಲಿ, ಬಗ್ಗಿ ಚಪ್ಪಲಿ ಬಿಚ್ಚಿ ನನ್ನ ಕೈಗೊಪ್ಪಿಸಿಯೇ ಮೇಲೆ ಹೋಗಬೇಕು. ಅದಕ್ಕೇ ನ್ವೇಗೆ ತಲೆ ತಿರುಗಿದೆ ಎಂದು ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಜೀವಮಾನವಿಡೀ ಊರಿನ ಕಾಲಧೂಳು ಕುಡಿದವಳಿಗೆ ಅಷ್ಟಾದರೂ ಜಂಬ ಬೇಡವೇ?

ಇಷ್ಟೆಲ್ಲ ಕಾಲುಗಳನ್ನು ಕಂಡ ನಾನು ಬೆರಗಾಗಿ ಬಾಯಿ ಬಿಟ್ಟು ನಿಂತದ್ದು ಒಬ್ಬರ ಕಾಲಿನ ಮುಂದೆ ಮಾತ್ರ. ಅವರು ಡೋ ಪ್ವಾ ಶಿನ್. ನಾನು ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು, ರಕ್ತಸಂಬಂಧವೇನೂ ಇಲ್ಲ. ಊರಾಚೆ ತಾಳೆಮರಗಳ ತೋಪಿನಲ್ಲಿ ಬೆಲ್ಲ ಕಾಯಿಸುವುದು ಅವರ ಕಸುಬು. ಗಂಡ ಮರ ಹತ್ತಿ ನೀರಾ ಇಳಿಸುತ್ತಿದ್ದ. ಅವನು ಹೋದ ಮೇಲೆ ಮಗಳು ತಂದಾರಳ ಗಂಡ ಹತ್ತುತ್ತಾನೆ. ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು ಸೌಟು ತಿರುವುವುದು ಮಾತ್ರ ಯಾವಾಗಲೂ ದೊಡ್ಡಮ್ಮನೇ. ಗಿಡ್ಡ ಆಳು, ದೊಡ್ಡ ಗಂಟಲು. ಬಾಯಲ್ಲಿ ಯಾವಾಗಲೂ ಒಂದು ಬೆಲ್ಲದುಂಡೆ, ಕೈಯಲ್ಲಿ ಹಾಲಿಲ್ಲದ ಚಹಾದ ಲೋಟ.

“ಏ ಚಪ್ಪಲಿ ರಾಣಿ, ನನ್ನ ಚಪ್ಪಲಿ ಮಕಮಲ್ಲಿಂದು. ಆ ರಬ್ಬರ್ ಗುಂಪಲ್ಲಿ ಸೇರಿಸಬೇಡ, ಜಾತಿ ಕೆಡುತ್ತೆ,” ಎನ್ನುತ್ತಿದ್ದರು.

“ನಿಮ್ಮ ಮಕಮಲ್ಲು ನಮ್ಮಮ್ಮನ ಕಾಲದ್ದು ದೊಡ್ಡಮ್ಮ. ಪಗೋಡದ ಕೆಳಗೆ ಹೂತರೆ ಮುಂದೆ ಯಾರಾದ್ರೂ ಅಗೆದು ಪೂಜೆ ಮಾಡ್ತಾರೆ,” ಎಂದು ನಾನೂ ಬಿಡುತ್ತಿರಲಿಲ್ಲ.

ಹೀಗೆ ಬೈದಾಡಿಕೊಂಡು ಮೇಲೆ ಹೋದ ಹೆಂಗಸು ಅಲ್ಲಿ ಬೇರೆಯೇ ಆಗಿಬಿಡುತ್ತಿದ್ದರು. ನಮ್ಮಲ್ಲಿ ಪೊರಕೆ ಸಂಘವಿದೆ. ಬಿಳಿ ರವಿಕೆ, ಕಂದು ಲುಂಗಿ ತೊಟ್ಟವರು ಸಾಲಾಗಿ ನಿಂತು ಉದ್ದನೆಯ ಪೊರಕೆಯಿಂದ ಪಗೋಡದ ಸುತ್ತಿನ ಅಂಗಳ ಗುಡಿಸುತ್ತಾರೆ, ಅದೇ ಅವರ ಸೇವೆ. ಬೆಳಗ್ಗೆ, ಸಂಜೆ ಎಲ್ಲರೂ ಗುಡಿಸುತ್ತಾರೆ. ನಡು ಮಧ್ಯಾಹ್ನ ಗುಡಿಸುತ್ತಿದ್ದವರು ದೊಡ್ಡಮ್ಮ ಒಬ್ಬರೇ. ಹೊಸವರ್ಷ ಬರುವ ತಗೂ ತಿಂಗಳಿನ ಬಿಸಿಲಲ್ಲಿ ಆ ಅಮೃತಶಿಲೆಯ ನೆಲ ಕಾದ ಹೆಂಚು. ಭಕ್ತರಿಗಾಗಿ ಸುತ್ತಲೂ ತೆಂಗಿನ ನಾರಿನ ಚಾಪೆ ಹಾಸಿರುತ್ತಾರೆ. ಚಾಪೆಯಿಂದ ಒಂದು ಹೆಜ್ಜೆ ತಪ್ಪಿದರೆ ಎಂಥ ಗಂಭೀರ ಮನುಷ್ಯನೂ ಬಾಣಲೆಯ ಕಡಲೆಯಂತೆ ಸಿಡಿಯುತ್ತಾನೆ. ಈಕೆ ಮಾತ್ರ ಚಾಪೆಯ ಗೊಡವೆಯಿಲ್ಲದೆ ಅಂಗಳದ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಗುಡಿಸುತ್ತ ಬರುತ್ತಿದ್ದರು. ಮುಖದಲ್ಲಿ ಒಂದು ಗೆರೆಯೂ ಕದಲುತ್ತಿರಲಿಲ್ಲ.

ನಾನು ಮೊದಲ ಸಲ ಅದನ್ನು ನೋಡಿದ್ದು ಅವರಿಗೆ ನೀರು ಕೊಡಲು ಹೋದಾಗ. ಚಾಪೆಯ ಅಂಚಿನಲ್ಲಿ ಒಂಟಿಗಾಲಲ್ಲಿ ಕುಣಿಯುತ್ತ ನಾನು ಚೊಂಬು ಚಾಚಿದೆ. ಅವರು ಉರಿಯುವ ಕಲ್ಲಿನ ಮೇಲೆ ಎರಡೂ ಪಾದ ಊರಿ, ಗಟಗಟ ಕುಡಿದು, ಮೀಸೆ ಒರೆಸುವ ಗಂಡಸಿನಂತೆ ತುಟಿ ಒರೆಸಿಕೊಂಡು, ಮತ್ತೆ ಪೊರಕೆ ಹಿಡಿದರು. ಅವರ ಹಿಂದೆ ಬಂಗಾರದ ಶಿಖರ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ನಾನು ಅಷ್ಟು ಸುಲಭವಾಗಿ ಮಂಡಿಯೂರುವವಳಲ್ಲ. ಅವತ್ತು ಊರಿದೆ.

“ಎದ್ದೇಳೇ, ನಾಟಕ ಮಾಡಬೇಡ. ಇದು ನಂದಲ್ಲ, ಪಗೋಡ ಕೊಟ್ಟಿದ್ದು,” ಎಂದರು.

ಆ ಕಥೆಯನ್ನು ಅವರ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೇನೆ. ಹಿಂದೆ ಅವರಿಗೆ ಕಾಲು ಉರಿ. ಮೆಣಸಿನಪುಡಿ ಹಚ್ಚಿದಂತೆ ಅಂಗಾಲು ಉರಿದು, ಹಾಸಿಗೆಯ ಬಟ್ಟೆ ತಾಗಿದರೂ ತಡೆಯದೆ ಎದ್ದು ಕೂರುತ್ತಿದ್ದರಂತೆ. ಔಷಧಿ ಕೊಡುವವನು ರಕ್ತ ನೋಡಿ, ಸಕ್ಕರೆ ಕಾಯಿಲೆ, ಮಾತ್ರೆ ನಿಲ್ಲಿಸಬೇಡಿ ಅಂದಿದ್ದ. ಅದೇ ವರ್ಷ ಅವರು ಹರಕೆ ಹೊತ್ತರು: ಉರಿ ಹೋದರೆ ಬದುಕಿರುವ ತನಕ ಮಧ್ಯಾಹ್ನದ ಬಿಸಿಲಲ್ಲಿ ಅಂಗಳ ಗುಡಿಸುತ್ತೇನೆ. ಉರಿ ದಿನದಿನಕ್ಕೆ ಕಡಿಮೆಯಾಗಿ ಒಂದು ದಿನ ಪೂರ್ತಿ ಹೋಯಿತು. ಅದರ ಹಿಂದೆಯೇ ಮಾತ್ರೆಯೂ ಹೋಯಿತು. ವಾಸಿಯಾದ ಮೇಲೆ ಮಾತ್ರೆ ನುಂಗಿದರೆ ಪಗೋಡಕ್ಕೆ ಅವಮಾನವಲ್ಲವೇ ಎಂಬುದು ಅವರ ಲೆಕ್ಕ. ನಮಗೂ ಅದು ಸರಿಯಾಗಿಯೇ ಕಂಡಿತ್ತು.

ಊರಿನವರು ಅದಕ್ಕೆ ಪಾರಮಿ ಎಂದರು. ಜನ್ಮಜನ್ಮಾಂತರದಲ್ಲಿ ಕೂಡಿಟ್ಟ ಪುಣ್ಯ ಈ ಜನ್ಮದಲ್ಲಿ ಪಾದಕ್ಕೆ ಬಂದಿದೆ ಎಂದರು. ನಮ್ಮಲ್ಲಿ ಹುಟ್ಟಿದ ವಾರಕ್ಕೆ ತಕ್ಕಂತೆ ಪಗೋಡದ ಒಂದೊಂದು ಮೂಲೆಯಲ್ಲಿ ಬುದ್ಧನ ಮೂರ್ತಿಗೆ ನೀರೆರೆಯುತ್ತೇವೆ. ಶನಿವಾರ ಹುಟ್ಟಿದವರ ಮೂಲೆಗೆ ಮಧ್ಯಾಹ್ನ ನೆರಳೇ ಇಲ್ಲ. ಅಲ್ಲಿ ನಿಲ್ಲಲಾರದ ಮುದುಕರು, ಬಸುರಿಯರು “ನಮ್ಮ ಪರವಾಗಿ ಎರೆಯಿರಿ ಡೋ ಪ್ವಾ ಶಿನ್” ಎಂದು ಕೇಳುತ್ತಿದ್ದರು. ಅವರು ಎರೆಯುತ್ತಿದ್ದರು. ಆಮೇಲೆ ಹೊರಗಿನ ಊರಿನವರೂ ಬರತೊಡಗಿದರು. ಈ ವರ್ಷವಂತೂ ಧರ್ಮದರ್ಶಿ ಊ ತೌಂಗ್ ಪೇ ಮೈಕು ಹಿಡಿದು ಊರಿಗೆಲ್ಲ ಸಾರಿಬಿಟ್ಟ. ಹೊಸವರ್ಷದ ಮಧ್ಯಾಹ್ನ ಡೋ ಪ್ವಾ ಶಿನ್ ಬರಿಗಾಲಲ್ಲಿ ಎಲ್ಲ ಮೂಲೆಗೂ ಮೊದಲ ನೀರು ಎರೆಯುತ್ತಾರೆ, ಹೆಂಗಸರೆಲ್ಲ ಹಿಂದೆ ಚಾಪೆಯ ಮೇಲೆ ನಡೆಯಬೇಕು ಎಂದು. ಕೆಳದಂಡೆಯ ಹಳ್ಳಿಗಳಿಂದ ದೋಣಿ ದೋಣಿ ಜನ ಬಂದಿಳಿದರು. ನನ್ನ ಹಲಗೆಯಲ್ಲಿ ಚಪ್ಪಲಿ ಇಡಲು ಜಾಗ ಸಾಲಲಿಲ್ಲ.

ಹೊಸವರ್ಷದ ಹಿಂದಿನ ದಿನ ಅಂಗಳ ತೊಳೆಯುವ ಸೇವೆ. ದೊಡ್ಡಮ್ಮ ಎಂದಿನಂತೆ ಬಂದು, ಎಂದಿನಂತೆ ನನ್ನನ್ನು ಬೈದು, ಚಪ್ಪಲಿ ಬಿಟ್ಟು ಮೇಲೆ ಹೋದರು. ನಾನು ಅದನ್ನು ಎತ್ತಿ ಸಾಲಿಗಿಟ್ಟೆ. ಒಂದು ನೆಟ್ಟಗೆ ಕೂರಲಿಲ್ಲ, ಅಲುಗಾಡಿತು. ತಿರುಗಿಸಿ ನೋಡಿದರೆ ಅಡಿಯಲ್ಲಿ ಒಂದು ಮೊಳೆಯ ತಲೆ. ನೀರಿನ ಹಬ್ಬಕ್ಕೆ ಬೀದಿಯಲ್ಲಿ ಚಪ್ಪರ ಹಾಕುವಾಗ ಬಡಗಿಗಳು ಚೆಲ್ಲಿದಂಥ ಮೊಳೆ. ನೆಲಕ್ಕೆ ಉಜ್ಜಿ ಉಜ್ಜಿ ತಲೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಅಂದರೆ ಚುಚ್ಚಿಕೊಂಡು ದಿನಗಳೇ ಆಗಿವೆ. ಹಬ್ಬದ ಗದ್ದಲದಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಳಗಡೆ ಕೈಯಾಡಿಸಿದೆ. ಮೊನೆ ಮೇಲೆದ್ದು ನಿಂತಿತ್ತು. ಸುತ್ತ ಮಕಮಲ್ಲು ಕಪ್ಪಗೆ ಗಟ್ಟಿಯಾಗಿತ್ತು.

ಇದನ್ನು ತೊಟ್ಟು ಮನುಷ್ಯರು ನಡೆಯಲು ಸಾಧ್ಯವೇ? ನಾನು ಚಪ್ಪಲಿಗಳನ್ನೆಲ್ಲ ದೇವರ ಮೇಲೆ ಬಿಟ್ಟು, ಅದೊಂದನ್ನು ಲುಂಗಿಯ ಮಡಿಕೆಯಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದೆ. ಪಗೋಡದ ಮೇಲಕ್ಕೆ ಚಪ್ಪಲಿ ಒಯ್ಯುವುದು ಪಾಪ. ಅದು ನೆನಪಾಗುವಷ್ಟರಲ್ಲಿ ಅಂಗಳದಲ್ಲಿದ್ದೆ.

ದೊಡ್ಡಮ್ಮ ಶನಿವಾರದ ಮೂಲೆಯಲ್ಲಿ ಕಲ್ಲು ಉಜ್ಜುತ್ತಿದ್ದರು. ಚಾಪೆಯ ತುಂಬ ಜನ ನಿಂತು ನೋಡುತ್ತಿದ್ದರು.

“ದೊಡ್ಡಮ್ಮ, ಕಾಲು ಎತ್ತಿ.”

“ಯಾಕೇ? ಲಾಳ ಹೊಡೀತೀಯಾ?”

“ಎತ್ತಿ ಅಂದ್ರೆ!”

ಅವರು ಗೋಡೆ ಹಿಡಿದು ಕಾಲು ಮಡಿಸಿದರು. ಹೆಬ್ಬೆರಳಿನ ಬುಡದಲ್ಲಿ ಒಂದು ತೂತು. ಸುತ್ತಲಿನ ಚರ್ಮ ನೆನೆದ ಅಕ್ಕಿಯಂತೆ ಬೆಳ್ಳಗಾಗಿ, ಅದರಾಚೆ ಕಪ್ಪು ತಿರುಗಿತ್ತು. ಒಳಗಿನಿಂದ ಏನೋ ಒಸರುತ್ತಿತ್ತು. ನಾನು ಚಪ್ಪಲಿ ಹೊರತೆಗೆದು ಮೊಳೆ ತೋರಿಸಿದೆ.

“ಇದು ನನ್ನ ಕಾಲಲ್ಲಿತ್ತಾ?” ಎಂದರು. ಅವರಿಗೇ ನಂಬಿಕೆಯಾಗಲಿಲ್ಲ.

ಹಿಂದಿನಿಂದ ಒಬ್ಬ ಹೆಂಗಸು “ಮೊಳೆ ಹೊಕ್ಕರೂ ನೋವಿಲ್ಲವಂತೆ!” ಎಂದು ಕೂಗಿದಳು. ಅಷ್ಟೇ ಸಾಕಾಯಿತು. ಗಾಳಿಗೆ ಭತ್ತದ ಪೈರು ಬಾಗಿದಂತೆ ಚಾಪೆಯ ಉದ್ದಕ್ಕೂ ಜನ ಮಂಡಿಯೂರಿದರು. ಯಾರೋ ಕೆನ್ನೆಗೆ ಹಚ್ಚುವ ತನಖಾ ಮರದ ತೊಗಟೆ ಅರೆದು ತಂದರು, ಗಾಯಕ್ಕೆ ತಂಪು ಎಂದು. ಊ ತೌಂಗ್ ಪೇಯ ಕಣ್ಣಲ್ಲಿ ನಿಜವಾಗಿಯೂ ನೀರು. ಆ ಕ್ಷಣ ನನಗೂ ಕೈ ಜೋಡಿಸಬೇಕು ಅನ್ನಿಸಿತು. ಕೈಯಲ್ಲಿ ಚಪ್ಪಲಿ ಇದ್ದುದರಿಂದ ಉಳಿದೆ.

ಆಗ ಜನರ ನಡುವಿನಿಂದ ಸಬೆ ಬಂದಳು. ನಮ್ಮ ಬೀದಿಯ ಹುಡುಗಿ. ನದಿಯಾಚೆಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸು, ಹಬ್ಬಕ್ಕೆ ಮನೆಗೆ ಬಂದಿದ್ದಳು. ತನಖಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ದೊಡ್ಡಮ್ಮನನ್ನು ಚಾಪೆಯ ಮೇಲೆ ಕೂರಿಸಿ, ಎರಡೂ ಪಾದಕ್ಕೆ ಕೈಯ ಹಿಂಭಾಗ ತಾಗಿಸಿದಳು. ಮತ್ತೆ ಈ ಪಾದ, ಮತ್ತೆ ಆ ಪಾದ. ಲುಂಗಿಯ ಅಂಚನ್ನು ಸ್ವಲ್ಪ ಮೇಲೆತ್ತಿದಳು. ಪಾದದಿಂದ ಮೀನಖಂಡದ ಕಡೆಗೆ ಕೆಂಪು ಏರಿತ್ತು. ಗಾಯದ ಹತ್ತಿರ ಮೂಗು ಒಯ್ದು ವಾಸನೆಯನ್ನೂ ನೋಡಿದಳು.

“ಅಜ್ಜಿ, ಈ ಕಾಲು ಆ ಕಾಲಿಗಿಂತ ತುಂಬಾ ಬಿಸಿಯಾಗಿದೆ. ಇದು ಬಾತಿದೆ. ನಿಮಗೆ ಚಳಿ ಆಗ್ತಾ ಇದೆಯಾ?”

“ನಿನ್ನೆಯಿಂದ ಸ್ವಲ್ಪ. ಹಬ್ಬದ ಓಡಾಟ.”

“ಇವತ್ತೇ ಆಸ್ಪತ್ರೆಗೆ ಹೋಗಬೇಕು. ಈಗಲೇ.”

ಊ ತೌಂಗ್ ಪೇ ನಡುವೆ ಬಾಯಿ ಹಾಕಿದ. “ಹೋಗೋಣ ಮಗಾ, ಯಾರು ಬೇಡ ಅಂದ್ರು? ನಾಳೆ ನೀರು ಎರೆದ ಮೇಲೆ ನಾನೇ ಕರ್ಕೊಂಡು ಹೋಗ್ತೀನಿ. ಇಷ್ಟು ಜನ ಬಂದಿದ್ದಾರೆ, ಒಂದು ದಿನದಲ್ಲಿ ಏನಾಗುತ್ತೆ? ನೋಡು, ಅವರಿಗೆ ನೋವೇ ಇಲ್ಲ.”

“ಅದೇ ಭಯ ಚಿಕ್ಕಪ್ಪ! ನೋವಿದ್ದಿದ್ರೆ ಮೊಳೆ ಚುಚ್ಚಿದ ದಿನವೇ ಕುಂಟ್ಕೊಂಡು ಬರ್ತಿದ್ರು. ಸಕ್ಕರೆ ಕಾಯಿಲೆಯವರಿಗೆ ಮೊದಲು ಕಾಲು ಉರಿಯುತ್ತೆ, ಆಮೇಲೆ ನರ ಸತ್ತು ಹೋಗುತ್ತೆ. ಉರಿ ನಿಲ್ಲುತ್ತೆ, ಜೊತೆಗೆ ಎಲ್ಲವೂ ನಿಲ್ಲುತ್ತೆ. ಈ ಕೆಂಪು ಮೇಲೆ ಏರ್ತಾ ಇದೆ. ನಾಳೆಯಿಂದ ಹೊಸವರ್ಷದ ರಜೆ, ದೋಣಿ ಓಡಲ್ಲ. ರಜೆ ಮುಗಿಯೋ ತನಕ ಬಿಟ್ರೆ ಕಾಲು ಹೋಗುತ್ತೆ, ಜೀವಾನೂ ಹೋಗಬಹುದು.”

ದೊಡ್ಡಮ್ಮನ ಮುಖ ಕೆಂಪಾಯಿತು. ಅವರು ಅಷ್ಟು ಸಿಟ್ಟಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಏನಂದೆ? ಉರಿ ನಿಂತಿದ್ದು ರೋಗದಿಂದಾನಾ? ನನ್ನ ಹರಕೆ ಸುಳ್ಳಾ? ನೀನು ಮೂಗು ಸೋರಿಸ್ಕೊಂಡು ಓಡಾಡ್ತಿದ್ದಾಗಿಂದ ಗುಡಿಸ್ತಾ ಇದ್ದೀನಿ ನಾನು. ನಿನ್ನ ನೆಗಡಿಗೂ ಶುಂಠಿ ಬೆಲ್ಲ ಕೊಟ್ಟವಳು ನಾನು. ನನಗೇ ಹೇಳೋಕೆ ಬಂದೆಯಾ?”

ಸಬೆಯ ಕಣ್ಣು ತುಂಬಿತು. “ಹರಕೆ ಬಗ್ಗೆ ನನಗೆ ಗೊತ್ತಿಲ್ಲ ಅಜ್ಜಿ. ಕಾಲಿನ ಬಗ್ಗೆ ಮಾತ್ರ ಗೊತ್ತು,” ಎಂದಳು. ಎಂದವಳು ಎದ್ದು ಹೋಗಲಿಲ್ಲ. ಅವರ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೇ ಕೂತಳು.

ಶಿಖರದ ಕಿರುಗಂಟೆಗಳು ಕಿಣಿಕಿಣಿ ಎನ್ನುತ್ತಿದ್ದವು. ದೊಡ್ಡಮ್ಮ ತಲೆ ತಗ್ಗಿಸಿ ಚಾಪೆಯಾಚೆಯ ಕಲ್ಲನ್ನೇ ನೋಡುತ್ತಿದ್ದರು. ಆಮೇಲೆ ಬಲಗೈ ಚಾಚಿ, ಅಂಗೈಯನ್ನು ಆ ಕಲ್ಲಿನ ಮೇಲೆ ಅದುಮಿದರು.

“ಅಯ್ಯಮ್ಮಾ!” ಎಂದು ಕೈ ಎಳೆದುಕೊಂಡರು. ಕುದಿಯುವ ಬೆಲ್ಲದ ಕೊಪ್ಪರಿಗೆಯ ಅಂಚು ಹಿಡಿದು ಬೆಳೆದ ಕೈ ಅದು. ಅಂಗೈ ಕೆಂಪಾಗಿತ್ತು. ಅದನ್ನು ಹಾಗೇ ಮುಖದೆದುರು ಹಿಡಿದು ನೋಡಿದರು. ಮತ್ತೆ ಕುಳಿತಲ್ಲಿಂದಲೇ ಒಳ್ಳೆಯ ಕಾಲನ್ನು ಚಾಚಿ ಅದೇ ಜಾಗದಲ್ಲಿ ಊರಿದರು. ಕಾಲು ಸುಮ್ಮನೆ ಇತ್ತು. ನೆರಳಿನಲ್ಲಿ ಮಲಗಿದ ಬೆಕ್ಕಿನಂತೆ ಸುಮ್ಮನೆ ಇತ್ತು.

“ನ್ವೇ,” ಎಂದು ನನ್ನನ್ನು ಕರೆದರು. ಎಂದೂ ಹೆಸರು ಹಿಡಿದು ಕರೆದವರಲ್ಲ. “ನಾನು ಪೊರಕೆ ಹಿಡಿದಿದ್ದು ಕೈಯಲ್ಲಿ ಕಣೇ. ನೀರು ಎರೆದಿದ್ದೂ ಕೈಯಲ್ಲೇ. ಪಾರಮಿ ಬರೋದಾದ್ರೆ ಕೈಗೆ ಬರಬೇಕಿತ್ತು. ಕಾಲಿಗೆ ಮಾತ್ರ ಯಾಕೆ ಬಂತು?”

ಉರಿಯುವ ನೆಲದ ಮೇಲೆ ಅವರು ನಡೆದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಅಷ್ಟು ಜನರ ಮುಂದೆ, ಅಷ್ಟು ವರ್ಷದ ಹೆಮ್ಮೆಯನ್ನು ತಾವೇ ಕೈಯಿಟ್ಟು ಪರೀಕ್ಷಿಸಿ ನೋಡಿದ್ದು ಅದಕ್ಕಿಂತ ದೊಡ್ಡದು.

“ತಂದಾರಳಿಗೆ ಹೇಳಿ ಕಳಿಸಿ, ಬಟ್ಟೆ ಕಟ್ಟಲಿ. ಸಬೆ, ಏಳು. ಅಳಬೇಡ, ನನಗೆ ಅಳೋ ನರ್ಸು ಬೇಡ,” ಎಂದರು ದೊಡ್ಡಮ್ಮ.

ಊ ತೌಂಗ್ ಪೇ ಒದ್ದಾಡಿಬಿಟ್ಟ. “ಅಕ್ಕಾ, ಜನಕ್ಕೆ ನಾನೇನು ಹೇಳಲಿ? ನಾಳೆ...”

“ನೀನೇನೂ ಹೇಳಬೇಡ. ಇಲ್ಲಿ ಕೊಡು ಆ ಮೈಕು.”

ಅವರು ಮೈಕನ್ನು ಸೌಟಿನ ಹಾಗೆ ಮುಷ್ಟಿಯಲ್ಲಿ ಹಿಡಿದರು. ಗುಡ್ಡದ ಮೇಲಿನ ಧ್ವನಿವರ್ಧಕಗಳಿಂದ ಆ ದನಿ ಊರಿಗೆ, ನದಿಗೆ, ದೋಣಿಕಟ್ಟೆಗೆ ಕೇಳಿಸಿತಂತೆ. “ನಾನು ಬೆಲ್ಲದ ಪ್ವಾ ಶಿನ್ ಮಾತಾಡ್ತಿರೋದು. ನಾಳೆ ನಾನು ನೀರು ಎರೆಯಲ್ಲ. ನನ್ನ ಕಾಲಿಗೆ ಬಿಸಿಯೂ ಗೊತ್ತಾಗಲ್ಲ, ಮೊಳೆಯೂ ಗೊತ್ತಾಗಲ್ಲ. ಅದು ಪುಣ್ಯ ಅಲ್ಲ, ರೋಗ. ನಾನು ಗೊತ್ತಿಲ್ಲದೆ ಹೆಮ್ಮೆ ಪಟ್ಟೆ, ನೀವು ಗೊತ್ತಿಲ್ಲದೆ ಕೈ ಮುಗಿದ್ರಿ. ಯಾರ ಕಾಲು ಹಿಂದೆ ಉರೀತಿದ್ದು ಈಗ ಉರಿಯಲ್ವೋ, ಅವರು ಖುಷಿ ಪಡಬೇಡಿ. ಮನೆಗೆ ಹೋಗಿ ಅಂಗಾಲು ಯಾರಿಗಾದ್ರೂ ತೋರಿಸಿ. ಗಾಯ ಇದ್ರೆ, ಬಾತಿದ್ರೆ, ಬಣ್ಣ ತಿರುಗಿದ್ರೆ ಹಬ್ಬ ಅಂತ ಕಾಯಬೇಡಿ. ಅಷ್ಟೇ. ಹೊಸವರ್ಷ ಒಳ್ಳೇದಾಗಲಿ.”

ಸಬೆ ಅವರಿಗೆ ನೆಲಕ್ಕೆ ಕಾಲೂರಲು ಬಿಡಲಿಲ್ಲ. ಪೊರಕೆ ಸಂಘದವರು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಹೆಗಲಿಗೇರಿಸಲು ಹೋದಾಗ ದೊಡ್ಡಮ್ಮ ಗದರಿದರು. “ಕೆಳಗೆ ಹಿಡೀರಿ! ನನ್ನ ಕಾಲು ನಿಮ್ಮ ತಲೆಗಿಂತ ಮೇಲೆ ಬರಬಾರದು.” ಪಾಪ, ಅವರು ಮೆಟ್ಟಿಲುದ್ದಕ್ಕೂ ನಡು ಬಗ್ಗಿಸಿಕೊಂಡೇ ಇಳಿದರು. ಎರಡೂ ಕಡೆ ಜನ ನಿಂತಿದ್ದರು. ಕೆಲವರು ಕೈ ಮುಗಿದರು, ಕೆಲವರು ಮುಖ ತಿರುಗಿಸಿದರು. ಕೊನೆಯ ದೋಣಿಗೆ ಹತ್ತಿಸಿ ಬಂದ ಮೇಲೆ ನಾನು ಚಪ್ಪಲಿಯ ಹಲಗೆಯ ಹಿಂದೆ ಕೂತು ಗಟ್ಟಿಯಾಗಿ ಅತ್ತೆ.

ಹೆಬ್ಬೆರಳು, ಅದರ ಪಕ್ಕದ ಬೆರಳು ಹೋದವು. ಪಾದ ಉಳಿಯಿತು. ಹಬ್ಬ ಮುಗಿಸಿ ಬಂದಿದ್ದರೆ ಮಂಡಿಯ ಕೆಳಗೆ ಏನೂ ಉಳಿಯುತ್ತಿರಲಿಲ್ಲ ಎಂದು ವೈದ್ಯರು ತಂದಾರಳಿಗೆ ಹೇಳಿದರಂತೆ. ಸಕ್ಕರೆಗೆ ಮಾತ್ರೆ, ಸೂಜಿ, ಎರಡೂ ಶುರುವಾದವು. ಮಳೆ ಹಿಡಿಯುವ ಹೊತ್ತಿಗೆ ಅಗಲವಾದ ಮೆತ್ತನೆ ಚಪ್ಪಲಿ ತೊಟ್ಟು ದೊಡ್ಡಮ್ಮ ಊರಿಗೆ ಬಂದರು. ಬೆಲ್ಲ ತಿನ್ನುವುದು ಬಿಟ್ಟಿದ್ದರು. ಬೆಲ್ಲ ಕಾಯಿಸುವವರು ಬೆಲ್ಲ ಬಿಡುವುದೆಂದರೆ ಏನು ಎಂದು ನಮ್ಮ ಕಡೆಯವರಿಗೆ ಮಾತ್ರ ಗೊತ್ತು.

ಬಂದವರು ಮೊದಲಿನ ದೊಡ್ಡಮ್ಮ ಆಗಿರಲಿಲ್ಲ. ನನ್ನ ಪಕ್ಕದಲ್ಲಿ ಬಂದು ಕೂರುತ್ತಿದ್ದರು, ಬೈಯುತ್ತಿರಲಿಲ್ಲ. ಹಿಂದೆ ಮಂಡಿಯೂರಿದ್ದ ಹೆಂಗಸರೇ “ಇಷ್ಟು ವರ್ಷ ನಮಗೆ ಮೋಸ ಮಾಡಿದಳು” ಎಂದು ಅವರಿಗೆ ಕೇಳುವಂತೆಯೇ ಹೇಳುತ್ತಿದ್ದರು. ನಾನು ಅಂಥ ಒಬ್ಬಳ ಚಪ್ಪಲಿಯ ಜೋಡಿ ಬೇಕೆಂದೇ ಅದಲುಬದಲು ಮಾಡಿ ಕಳಿಸಿದೆ. ಮಾಡಿದ್ದಕ್ಕೆ ಇವತ್ತಿಗೂ ಖುಷಿಯಿದೆ.

ಒಂದು ದಿನ ದೊಡ್ಡಮ್ಮ ಕೇಳಿದರು. “ನ್ವೇ, ನನ್ನನ್ನ ಭಂತೆಯವರ ಹತ್ತಿರ ಕರ್ಕೊಂಡು ಹೋಗ್ತೀಯಾ? ಒಂದು ಮಾತು ಕೇಳಬೇಕು. ಅದು ಗೊತ್ತಾಗದೆ ನನಗೆ ನಿದ್ದೆ ಇಲ್ಲ.”

ಭಂತೆ ಎಂದರೆ ಗುಡ್ಡದ ಹಿಂದಿನ ವಿಹಾರದ ಹಿರಿಯ ಭಿಕ್ಷುಗಳು, ನಮ್ಮೂರಿಗೆಲ್ಲ ತಂದೆ ಇದ್ದ ಹಾಗೆ. ಬೆಳಗಾದರೆ ಭಿಕ್ಷಾಪಾತ್ರೆ ಹಿಡಿದು, ಬರಿಗಾಲಲ್ಲಿ, ಕಿರಿಯ ಭಿಕ್ಷುಗಳ ಸಾಲಿನ ಮುಂದೆ ನಡೆದು ಬರುತ್ತಾರೆ. ಮಳೆಯಿರಲಿ ಬಿಸಿಲಿರಲಿ, ಒಂದು ದಿನ ತಪ್ಪಿಸಿದವರಲ್ಲ. ನಾವು ಹೋದಾಗ ಮಧ್ಯಾಹ್ನ ದಾಟಿತ್ತು. ಅವರು ಮರದ ಪೀಠದ ಮೇಲೆ ಕಾಲು ಮಡಚಿ ಕೂತಿದ್ದರು. ದೊಡ್ಡಮ್ಮ ಕಷ್ಟಪಟ್ಟು ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ, ಹಾಗೇ ಕೇಳಿದರು.

“ಭಂತೆ, ಪಗೋಡ ನನ್ನ ಉರಿ ಕಳೀತು ಅಂತ ಗುಡಿಸಿದೆ. ಅದು ಕಳೆದಿರಲಿಲ್ಲ. ಹಾಗಾದ್ರೆ ನಾನು ಇಷ್ಟು ವರ್ಷ ಗುಡಿಸಿದ್ದು ಏನಾಯ್ತು? ಎಲ್ಲಾ ದಂಡವಾ?”

ಭಂತೆ ಕೇಳಿದರು. “ಅಂಗಳ ಚೊಕ್ಕಟ ಆಗ್ತಿತ್ತಲ್ಲಮ್ಮ?”

“ಆಗ್ತಿತ್ತು.”

“ನೀನು ಗುಡಿಸಿದ್ದು ಕಾಲಲ್ಲೋ, ಪೊರಕೆಯಲ್ಲೋ?”

ದೊಡ್ಡಮ್ಮ ತಲೆಯೆತ್ತಲಿಲ್ಲ. ಬೆನ್ನು ಮಾತ್ರ ಅಲುಗಿತು. ಅಳುತ್ತಿದ್ದಾರೋ ನಗುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಭಂತೆ ನಗುತ್ತ ಪೀಠದಿಂದ ಇಳಿದು ಒಳಕೋಣೆಯ ಕಡೆಗೆ ತಿರುಗಿದರು.

“ನಿಲ್ಲಿ ಭಂತೆ.”

ದೊಡ್ಡಮ್ಮನ ದನಿ. ಕೊಪ್ಪರಿಗೆಯ ಮುಂದೆ ಆಳುಗಳನ್ನು ಕೂಗುವ ಹಳೆಯ ದನಿ. ನಾನು ಬೆಚ್ಚಿಬಿದ್ದೆ. ಅವರ ಕೆನ್ನೆ ಇನ್ನೂ ನೆಲದ ಹತ್ತಿರವೇ ಇತ್ತು, ಕಣ್ಣು ಭಂತೆಯವರ ಎತ್ತಿದ ಹಿಮ್ಮಡಿಯ ಮೇಲಿತ್ತು. ನಮ್ಮಲ್ಲಿ ಅಂಗಾಲನ್ನು ಯಾರಿಗೂ ತೋರಿಸುವುದಿಲ್ಲ, ಯಾರದನ್ನೂ ನೋಡುವುದಿಲ್ಲ. ಅದು ಮೈಯಲ್ಲೆಲ್ಲ ಕೀಳಾದ ಜಾಗ. ಭಿಕ್ಷುಗಳ ಅಂಗಾಲನ್ನು ಒಬ್ಬ ಹೆಂಗಸು ನೋಡುವುದೆಂದರೆ ನನಗೆ ಯೋಚಿಸಲೂ ಹೆದರಿಕೆ.

“ತಮ್ಮ ಹಿಮ್ಮಡಿ ಕಪ್ಪಾಗಿದೆ. ಬಿರುಕಲ್ಲಿ ಕೀವಿದೆ.”

“ವಯಸ್ಸಾದ ಹಿಮ್ಮಡಿ ಒಡೆಯುತ್ತಮ್ಮ. ನೋವೇನೂ ಇಲ್ಲ.”

“ನೋವಿಲ್ವಾ?” ದೊಡ್ಡಮ್ಮನ ಮುಖ ಬಿಳುಚಿಕೊಂಡಿತು. “ಮೊದಲು ಉರೀತಿತ್ತಾ?”

ಭಂತೆ ತಿರುಗಿ ನಿಂತರು. ಅವರ ನಗು ನಿಂತಿತ್ತು. “ಉರೀತಿತ್ತು. ಈಗ ಇಲ್ಲ.”

“ಇವತ್ತೇ ಹೊರಡಬೇಕು.”

“ನಾಳೆ ಭಿಕ್ಷೆ ಮುಗಿಸಿಕೊಂಡು ಹೋಗೋಣ. ಜನ ಅನ್ನ ಮಾಡಿ ಕಾದಿರ್ತಾರೆ, ಅವರನ್ನ ಬರಿಗೈಲಿ ನಿಲ್ಲಿಸಬಾರದು.”

ದೊಡ್ಡಮ್ಮ ಎದ್ದರು. ಕುಂಟುತ್ತ ಹೋಗಿ ಬಾಗಿಲಿನ ಹೊಸ್ತಿಲಿಗೆ ಅಡ್ಡಲಾಗಿ ಕೂತರು. ಆಮೇಲೆ ಕಾಲಿಗೆ ಸುತ್ತಿದ್ದ ಮೆತ್ತನೆ ಪಟ್ಟಿ ಬಿಚ್ಚಿ, ಎರಡು ಬೆರಳಿಲ್ಲದ ಆ ಕಾಲನ್ನು ಭಂತೆಯವರ ಕಡೆಗೆ ನೇರವಾಗಿ ಚಾಚಿದರು. ನಮ್ಮೂರಲ್ಲಿ ಹುಚ್ಚರೂ ಮಾಡದ ಕೆಲಸ. ಕಿರಿಯ ಭಿಕ್ಷುಗಳು ಕಣ್ಣು ಮುಚ್ಚಿಕೊಂಡರು.

“ನನಗೂ ನಾಳೆ ಅಂದಿದ್ರು ಭಂತೆ. ಈ ಪಾಪ ನನಗಿರಲಿ. ನೋಡಿ. ಸರಿಯಾಗಿ ನೋಡಿ. ನೋಡಿದ ಮೇಲೆ ನಾಳೆ ಅನ್ನಿ.”

ಭಂತೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹೊಲಿಗೆಯ ಗುರುತಿದ್ದ ಆ ಮೊಂಡು ಪಾದದೆದುರು ನೆಲದ ಮೇಲೆಯೇ ಕೂತು, “ದೋಣಿ ಎಷ್ಟು ಹೊತ್ತಿಗೆ?” ಎಂದು ಕೇಳಿದರು.

ಮಾರನೆಯ ಬೆಳಗ್ಗೆ ಭಿಕ್ಷುಗಳ ಸಾಲು ಮುಂದಾಳಿಲ್ಲದೆ ಬಂತು. ಜನ ಅನ್ನದ ಸೌಟು ಹಿಡಿದು ಮುಖ ಮುಖ ನೋಡಿಕೊಂಡರು. ಹಿರಿಯರು ಆಸ್ಪತ್ರೆಯಲ್ಲಿದ್ದಾರೆ, ಕಾಲಿಗೆ ಚಿಕಿತ್ಸೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಎಲ್ಲ ಮನೆಗೂ ತಲುಪಿತು. ಆ ವಾರ ನದಿಯಾಚೆಗೆ ಹೋದ ದೋಣಿಗಳಲ್ಲಿ ನಮ್ಮೂರಿನವರೇ ಹೆಚ್ಚು. ಬೀದಿಯಲ್ಲಿ ಸಿಕ್ಕವರು ನನಗೆ ಮುಖವನ್ನಲ್ಲ, ಅಂಗಾಲನ್ನು ತೋರಿಸಿ “ಇದು ಬಣ್ಣ ತಿರುಗಿದೆಯೇನೇ?” ಎಂದು ಕೇಳುತ್ತಿದ್ದರು. ನಾನೇನು ಡಾಕ್ಟರಾ, ಸಬೆಯನ್ನು ಕೇಳಿ ಎಂದು ಓಡಿಸುತ್ತಿದ್ದೆ.

ಭಿಕ್ಷುಗಳ ಮಳೆಗಾಲದ ವರ್ಷಾವಾಸ ಮುಗಿದ ಮೇಲೆ ಭಂತೆ ಮತ್ತೆ ಭಿಕ್ಷೆಗೆ ಬಂದರು, ಎರಡೂ ಪಾದಗಳ ಮೇಲೆ. ಕಾಯಿಲೆಯವರಿಗೆ ಅವಕಾಶವಿದೆ ಎಂದು ಚಪ್ಪಲಿ ತೊಟ್ಟಿದ್ದರು. ಅವರ ಕಾಲಲ್ಲಿ ಚಪ್ಪಲಿ ನೋಡಿದ್ದು ಊರಿಗೆ ಅದೇ ಮೊದಲು. ದೊಡ್ಡಮ್ಮ ತೋಪಿನಿಂದ ಬಂದು ನನ್ನ ಪಕ್ಕದಲ್ಲಿ, ಬೀದಿಯಂಚಿನಲ್ಲಿ ಬಿಸಿ ಅನ್ನ ಹಿಡಿದು ನಿಂತಿದ್ದರು. ಭಿಕ್ಷೆಯ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ, ಭಿಕ್ಷುಗಳು ಕಣ್ಣೆತ್ತುವುದೂ ಇಲ್ಲ. ದೊಡ್ಡಮ್ಮ ಪಾತ್ರೆಗೆ ಅನ್ನ ಹಾಕಿದರು. ಭಂತೆ ಮುಂದೆ ಹೋಗಲಿಲ್ಲ. ಇಡೀ ಬೀದಿ ನೋಡುತ್ತಿದ್ದ ಹಾಗೆಯೇ ಪಾತ್ರೆಯನ್ನು ಎದೆಗೊತ್ತಿಕೊಂಡು, ಒಂದು ಚಪ್ಪಲಿ ಕಳಚಿ, ಗೋಡೆಗೆ ಕೈಕೊಟ್ಟು, ಪಾದ ತಿರುಗಿಸಿ ಅಂಗಾಲು ತೋರಿಸಿದರು. ಆಮೇಲೆ ಇನ್ನೊಂದು.

ದೊಡ್ಡಮ್ಮ ಅನ್ನದ ಸೌಟು ಹಿಡಿದೇ ಬಗ್ಗಿ, ಕಣ್ಣು ಕಿರಿದು ಮಾಡಿ, ಬೆರಳಿನ ಸಂದುಗಳನ್ನೂ ಬಿಡದೆ ನೋಡಿದರು.

“ಸರಿಯಾಗಿದೆ ಭಂತೆ. ಹೋಗಿ ಬನ್ನಿ,” ಎಂದರು.